ಬತ್ತಿ ಹಿಡಿದವನ ಸಾಕ್ಷಿ

ಪುಸ್ತಕ ಮಾಡ್ತೀವಂತ ಬಂದಿದ್ರು ಬೆಟಗೇರಿಯವರು,
ಎಲೀಯಪ್ಪ ಮಗ್ಗದವರ ನೂರನೇ ವರ್ಷಕ್ಕ.
ಎಷ್ಟು ಊರು, ಎಷ್ಟು ಕೂಟ, ಎಷ್ಟು ಆತ್ಮ,
ಲೆಕ್ಕ ಕೇಳಿದ್ರು.
ನಾ ಲೆಕ್ಕದವ ಅಲ್ರಿ, ಅಂದೆ. ಬತ್ತಿಯವ.

ಹನ್ನೊಂದು ವರ್ಷ ಗ್ಯಾಸಬತ್ತಿ ಹೊತ್ತೀನಿ ಅವರ ಹಿಂದ,
ಮುಳಗುಂದ, ಲಕ್ಷ್ಮೇಶ್ವರ, ಸವಣೂರು, ಶಿಗ್ಗಾಂವಿ.
ತೆಲಿಮ್ಯಾಲ ಬತ್ತಿ, ಬಗಲಾಗ ಸೀಮೆಎಣ್ಣಿ ಡಬ್ಬಿ,
ಮುಂದ ಚಕ್ಕಡಿಯೊಳಗ ಉಜ್ಜೀವನ ಕೂಟದ ತಂಬು.
ಅವರ ಅಪ್ಪನ ಮಗ್ಗದಾಗ ನೇಯ್ದ ದಪ್ಪ ಅರಿವಿ,
ಹೊಲಿಗಿ ಹಾಕಿದ್ದು ಅವರ ಹೇಣ್ತಿ, ಸಲೋಮವ್ವ.
ಅಕೀ ಹೆಸರು ಯಾರೂ ಕೇಳಲಿಲ್ಲ. ಬರಕೋರಿ.

ಗಿಡ್ಡ ಮನಷ್ಯಾ. ಎಡಗೈಯಾಗ ಎರಡು ಬೆರಳು ಇದ್ದಿಲ್ಲ,
ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪು ತಿಂದಿತ್ತು.
ಆ ಕೈ ಎತ್ತಿದ್ರ ಮೂರ ಬೆರಳು.
"ತ್ರಯೇಕ ದೇವರು ನೋಡ್ರಿ," ಅಂತ ತಾವ ನಗಿಸೋರು.
ನಗಿಸಿ, ದನಿ ಇಳಿಸೋರು.
ಇಳಿಸಿ ಇಳಿಸಿ ಕಡೀಕ
ಒಲಿಯಾಗಿನ ಬೂದಿ ಕೆದರಿದಂಗ ಕೇಳೋದು,
ಜನ ಜೋಳದ ತೆನಿಯಂಗ ಮುಂದ ಬಾಗೋರು.

ಈಗ ಹೇಳ್ತೀನಿ, ಮುಚ್ಚಿಟ್ಟು ಏನ ಮಾಡ್ಲಿ:
ದನಿ ಇಳಿದಾಗ ನಾನೂ ತಿರುಪು ಸಡಿಲಿಸಿ
ಬತ್ತಿ ಇಳಿಸ್ತಿದ್ದೆ.
ಹಿಂಗ ಮಾಡು ಅಂತ ಅವರೇನ ಹೇಳಲಿಲ್ಲ.
ಬ್ಯಾಡ ಅಂತನೂ ಹೇಳಲಿಲ್ಲ.
ಮಬ್ಬಿನ್ಯಾಗ ಅಳೂದು ಸಲೀಸು.
ಜನ ಅತ್ತಿದ್ದು ದೇವರಿಗೋ, ನನ್ನ ತಿರುಪಿಗೋ?
ಎಂಬತ್ತು ದಾಟಿದ್ರೂ ಇದೊಂದು
ಹಲ್ಲಾಗ ಸಿಕ್ಕ ನಾರಿನಂಗ ಉಳದೈತಿ.

ಒಂದ ರಾತ್ರಿ ಮಾತ್ರ ಬ್ಯಾರೆ.
ಗದಗದಾಗ, ಹತ್ತಿ ಅಂಗಡಿ ಸಾಲಿನ ಹಿಂದ.
ಹುಳ ಬಂದು ಬಡೀತು, ಮ್ಯಾಂಟಲ್ ಉದುರಿ ಬೂದಿ.
ಇನ್ನೊಂದು ತರೂದು ನಾ ಮರತಿದ್ದೆ.
ಕಣ್ಣಿಗೆ ಬಟ್ಟಿ ಕಟ್ಟಿದಂಥ ಕತ್ತಲಿ.
ಅವರು ಬಾಯಿ ತೆಗೀಲಿಲ್ಲ.
ಹಾಡು ಎತ್ತಲಿಲ್ಲ. ಆಮೆನ್ ಅನ್ನಲಿಲ್ಲ.
ಯಾರದೋ ಕೂಸು ಕೆಮ್ಮಿತು.
ಬಿಜಾಪುರದ ಗಾಡಿ ಕೂಗಿ ಹಾದು ಹೋತು.
ಕೂತ ಇದ್ದಿವಿ, ಎಷ್ಟೋ ಹೊತ್ತು.

ಆಗ ನಡುವಿಂದ ಒಂದು ದನಿ:
"ನನ್ನ ತೂಕದ ಗುಂಡಿನ ತಳಕ್ಕ ಸೀಸ ಹೊಯ್ದೀನ್ರಿ."

ಹತ್ತಿ ತೂಗೋ ಹುಚ್ಚೀರಪ್ಪ.
ನಮ್ಮವ ಅಲ್ಲ, ಆಮ್ಯಾಲೂ ಆಗಲಿಲ್ಲ,
ಹಣಿಮ್ಯಾಲ ಈಬತ್ತಿ, ಕೊಳ್ಳಾಗ ಲಿಂಗ, ಹಂಗ ಉಳದ.
ಮರುದಿನ ಆ ಗುಂಡು ಬಾವಿಗೆ ಒಗದ.
ಎತ್ತು ಮಾರಿ, ಊರೂರು ತಿರುಗಿ,
ಯಾರ್ಯಾರದು ಹೊಡದಿದ್ನೋ ಅವರಿಗೆ ಮುಟ್ಟಿಸಿದ.
ಯಾರು ಹೇಳಿದ್ರು ಅಂದ್ರ, "ಎಲೀಯಪ್ಪ" ಅಂತಿದ್ನಂತ.

ನೀವು ಅವಂಗ ಏನೂ ಹೇಳಲೇ ಇಲ್ಲಲ್ರಿ, ಅಂದೆ ನಾನು.
ಎಲೀಯಪ್ಪ ಬತ್ತಿ ಗಾಜು ಒರಸ್ಕೋತ ಕೂತಿದ್ರು.
"ಕತ್ತಲಿ ಅಂದ್ರ ಸಣ್ಣವಿದ್ದಾಗಿಂದ ಅಂಜತೀನೋ.
ಬಾಯಿ ಒಣಗಿತ್ತು. ವಾಕ್ಯ ಒಂದೂ ನೆನಪಾಗಲಿಲ್ಲ."

ಅವತ್ತಿಂದ ನಾ ತಿರುಪು ಮುಟ್ಟಲಿಲ್ಲ.
ಅಳವರು ಕಡಿಮಿ ಆದ್ರು. ಕಾಣಿಕೀನೂ.
ಅವರು ಒಂದ ಸಲಾನೂ ಯಾಕಂತ ಕೇಳಲಿಲ್ಲ.

ಅವರು ಪ್ರಭುವಿನ ಕಡೆ ಹೋದ ವರ್ಷ
ಸಲೋಮವ್ವ ತಂಬು ಮಾರಿದ್ಲು,
ಬ್ಯಾಡಗಿ ಮೆಣಸಿನಕಾಯಿ ದಲಾಲಿಗೆ.
ಒಮ್ಮೆ ಹೋಗಿ ನೋಡಿ ಬಂದೆ. ಅಕೀ ಹೊಲಿಗಿ ಹಂಗ ಇತ್ತು,
ಮ್ಯಾಲ ಕೆಂಪಗ ಕಾಯಿ ರಾಶಿ.
ತೊಟ್ಟು ಮುರಿಯೋ ಹೆಣ್ಣಮಕ್ಕಳ ಕಣ್ಣಾಗೆಲ್ಲ ನೀರು.
ನಾನೂ ಅತ್ತೆ. ಘಾಟಿಗೆ ಅಂದ್ಕೋರಿ.

ಮೊನ್ನಿ ಗದಗದ ಸಂತಿಯೊಳಗ
ಉಳ್ಳಾಗಡ್ಡಿ ಮಾರೋ ಹುಡುಗಿ, ಇಪ್ಪತ್ತೂ ಇರಲಿಕ್ಕಿಲ್ಲ,
ತಕ್ಕಡಿ ಎತ್ತಿ ಅಂದ್ಲು:
"ಎಲ್ಯಪ್ಪನ ತೂಕ ಅಜ್ಜಾ, ಅಂಜಬ್ಯಾಡ."
ಯಾರವ್ವಾ ಎಲ್ಯಪ್ಪ, ಅಂದೆ.
"ಯಾರಿಗ್ಗೊತ್ತು. ನಮ್ಮವ್ವ ಹಿಂಗ ಅಂತಿದ್ಲು."
ಮ್ಯಾಲೊಂದು ಗಡ್ಡಿ ಒಗದ್ಲು ಚೀಲಕ್ಕ.

ಇಷ್ಟ ನನಗ ಗೊತ್ತಿರೂದು.
ಪುಸ್ತಕದಾಗ ಹಾಕ್ರಿ.
ತಿರುಪಿಂದೂ ಹಾಕ್ರಿ, ಬಿಡಬ್ಯಾಡ್ರಿ.