ಕೇಳಿದ್ದು ಯಾರು

ಬೆಳಿಗ್ಗೆ ಆರು ನಲವತ್ತೇಳಕ್ಕೆ
ಪುಣೆಯ ಮಾರ್ಕೆಟ್ ಯಾರ್ಡಿನ ಹೂವಿನ ಸಾಲಿನಲ್ಲಿ
ಮಲಕಪ್ಪ ಹೂಗಾರ
ಪತಸಂಸ್ಥೆಯ ಖಾತೆ ತೆರೆದು ಶಿಲ್ಕು ನೋಡಿದ.
ಮುಚ್ಚಲಿಲ್ಲ.
ಯಾರು ಮುಚ್ಚುತ್ತಾರೆ,
ಚೆಂಡುಹೂವಿನ ಟೆಂಪೊ ಬೆನ್ನಿಗೆ ಬಂದು ಹಾರ್ನ್ ಹೊಡೆಯುವಾಗ?

ಪಕ್ಕದ ಟ್ಯಾಬಿನಲ್ಲಿ
ಇವತ್ತಿನ ಹೂವಿನ ದರ ಅಂತ ಒಂದು ಪುಟ.
ಅದರ ಹೊಟ್ಟೆಯೊಳಗೆ ಕಣ್ಣಿಗೆ ಕಾಣದ ಒಂದು ಅರ್ಜಿ,
ಮೊದಲೇ ತುಂಬಿಟ್ಟದ್ದು:
ಯಾರಿಗೆ, ಎಷ್ಟು.
ಕೊಡುವವನ ಹೆಸರಿನ ಜಾಗ ಮಾತ್ರ ಖಾಲಿ.

ಅದನ್ನು ತುಂಬಿದ್ದು ಬ್ರೌಸರು.
ಬುಧವಾರ ಪೇಠೆಯಲ್ಲಿ ಸೆಕೆಂಡ್‌ಹ್ಯಾಂಡಿಗೆ ಕೊಂಡ ಕಂಪ್ಯೂಟರಿನ
ಹಳೆಯ, ನಿಯತ್ತಿನ ಆಳು.
ಪತಸಂಸ್ಥೆ ಕೊಟ್ಟ ಕುಕಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು
ಆ ದಿಕ್ಕಿಗೆ ಹೋಗುವ ಯಾವ ಚೀಟಿಯಾದರೂ ಸರಿ,
ಜೊತೆಗೆ ಹೊರಟುಬಿಡುತ್ತದೆ.
ಬರೆದವರು ಯಾರು ಅಂತ ಕೇಳುವುದನ್ನು
ಅದಕ್ಕೆ ಯಾರೂ ಕಲಿಸಿರಲಿಲ್ಲ.

ನಲವತ್ತೊಂದು ಸಾವಿರದ ಮುನ್ನೂರು.

'ನಾ ಕೇಳಿಲ್ರೀ.'
'ನಿಮ್ಮ ಲಾಗಿನ್‌ನಿಂದಲೇ ಬಂದಿದೆ, ಮಾಮಾ.'
ಕೌಂಟರಿನ ಆಚೆ ಈಚೆ
ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ.

ಲಾಗು ನನ್ನ ಮೇಜಿಗೆ ಬಂತು.
ಓದಿದೆ. ಎಲ್ಲ ಸರಿ ಇತ್ತು.
ಕುಕಿ ಸರಿ, ಹೊತ್ತು ಸರಿ, ಯಂತ್ರ ಅದೇ ಯಂತ್ರ.
ಇಷ್ಟು ಸರಿಯಾದ ಕಳ್ಳತನ ನಾನು ಕಂಡಿರಲಿಲ್ಲ.

ಆಮೇಲೆ ನಾನೇ ಬರೆದ ಸಾಲು ಸಿಕ್ಕಿತು.

ಫ್ರೇಮ್‌ವರ್ಕ್ ಕಟ್ಟಿದವರು ಪ್ರತಿ ಅರ್ಜಿಯ ಮಡಿಲಲ್ಲೂ
ಒಂದು ಗುಟ್ಟಿನ ಅಂಕಿ ಇಟ್ಟಿದ್ದರು. ಟೋಕನ್.
ಅದಿಲ್ಲದೆ ಬಂದದ್ದು ಬಾಗಿಲಿಂದಲೇ ವಾಪಸ್.
ಎರಡು ವರ್ಷದ ಹಿಂದೆ ಒಂದು ಗುರುವಾರ ರಾತ್ರಿ
ಮೊಬೈಲ್ ಆ್ಯಪು ೪೦೩, ೪೦೩ ಅಂತ ಬಿಕ್ಕುತ್ತಿತ್ತು.
ಬೆಳಗಾದರೆ ಚೇರ್ಮನ್ನರಿಗೆ ಡೆಮೊ.
ಹಣ ಕಳಿಸುವ ಆ ಒಂದು ಕಡೆಗೆ ಮಾತ್ರ
ವಿನಾಯಿತಿ ಬರೆದೆ, ಪಕ್ಕದಲ್ಲಿ ಟಿಪ್ಪಣಿ:
ಆಮೇಲೆ ತೆಗೆಯುವುದು.

ನಮ್ಮ ಕಸುಬಿನಲ್ಲಿ ಆಮೇಲೆ ಅನ್ನುವುದು
ಬಸ್ಸಿಲ್ಲದ ಒಂದು ಊರು.

ಬೇಲಿ ಎದ್ದು ಹೊಲ ಮೇಯಲಿಲ್ಲ.
ಸೆರಗು ಸಿಕ್ಕಿಕೊಳ್ಳುತ್ತದೆಂದು
ಒಂದು ಮುಳ್ಳು ಕಿತ್ತಿಟ್ಟಿದ್ದೆ, ಅಷ್ಟೆ.

ಅಪ್ಪ ಭವಾನಿ ಪೇಠೆಯ ಅಂಚೆ ಕಚೇರಿಯಲ್ಲಿ
ಮನಿಆರ್ಡರ್ ಕಿಟಕಿಗೆ ಕೂತವನು.
ಬೀಡಿ ಕಟ್ಟುವ ಕಾಶವ್ವ ತಿಂಗಳಿಗೊಮ್ಮೆ ಬರುವಳು,
ಫಾರಮ್ಮು ಬೇರೆ ಯಾರೋ ಬರೆದುಕೊಟ್ಟದ್ದು,
ಕೆಳಗೆ ಅವಳ ಹೆಬ್ಬೆಟ್ಟು, ಹಸಿ ಹಸಿ.
ಅಪ್ಪ ಫಾರಮ್ಮನ್ನು ಅಂಗೈಯಲ್ಲಿ ಮುಚ್ಚಿಹಿಡಿದು
'ಬಾಯಿಂದ ಹೇಳವ್ವಾ. ಯಾರಿಗೆ? ಎಷ್ಟು?'
ಹದಿನೈದು ವರ್ಷ, ಪ್ರತಿ ಸಲ.
ಶಾಲೆ ಬಿಟ್ಟು ಬಂದು ಬೆಂಚಿನ ಮೇಲೆ ಕೂತ ನನಗೆ ನಾಚಿಕೆ.
ಗೊತ್ತಿದ್ದವಳನ್ನು ಹೀಗೆ ಕೇಳುತ್ತಾರೆಯೇ?
'ಆಕಿ ಯಾರಂತ ನನಗ ಗೊತ್ತದ.
ಆಕಿಗೇನು ಬೇಕಂತ ಹೆಬ್ಬೆಟ್ಟು ಹೇಳೂದಿಲ್ಲ' ಅಂದಿದ್ದ,
ಮುದ್ರೆ ಒತ್ತುತ್ತ, ನನ್ನ ಕಡೆ ನೋಡದೆ.

ಸಾಲು ಅಳಿಸಿದೆ. ರಾತ್ರಿ ಎರಡು ಗಂಟೆ.
ಆ್ಯಪಿಗೆ ಬೇರೆ ಬಾಗಿಲು ಮಾಡಿದೆ,
ಎರಡು ವರ್ಷದ ಹಿಂದೆ ಮಾಡಬಹುದಾಗಿದ್ದದ್ದನ್ನು,
ಒಂದೂವರೆ ತಾಸಿನಲ್ಲಿ.
ದುಡ್ಡು ಇನ್ನೂ ವಿಚಾರಣೆಯಲ್ಲಿದೆ.

ಬೆಳಿಗ್ಗೆ ಯಾರ್ಡಿಗೆ ಹೋದೆ.
ಮಲಕಪ್ಪ ಒದ್ದೆ ಗೋಣಿಯ ಮೇಲೆ ಸೇವಂತಿಗೆ ಸುರಿಯುತ್ತಿದ್ದ.
ತಪ್ಪು ನನ್ನದು ಎಂದೆ. ಹೇಗೆಂದೂ ಹೇಳಿದೆ,
ಅಪ್ಪನ ಕಿಟಕಿಯ ಕತೆ ಸಹಿತ.
ಬಯ್ಯುತ್ತಾನೆ ಅಂದುಕೊಂಡೆ.
'ಈಗ ಕೇಳತದೇನ್ರೀ, ಅದು?'
'ಕೇಳತದ.'
ತುಸು ಹೊತ್ತು ತಕ್ಕಡಿಯ ಮುಳ್ಳು ನೋಡಿದ.

ಸುಮ್ಮನೆ ಬರಲಾಗದೆ ಅರ್ಧ ಕಿಲೋ ಹೂ ಕೇಳಿದೆ.
ತೂಗಿದ. ಚೀಲದ ಬಾಯಿಗೆ ತಟ್ಟೆ ಬಾಗಿಸಿ
ಕೈ ತಡೆದು, ಮುಖ ನೋಡಿ,
'ಅರ್ಧ ಕಿಲೋ. ನೀವs ಕೇಳಿದ್ದು, ಹೌದಲ್ರೀ?'
ಎಂದ.