ಉಬ್ಬದ ಡಬ್ಬಿ

ಬಿದ್ದದ್ದು ಮೀನುಪೇಟೆಯ ಹಿಂದಿನ ಇಳಿಜಾರಿನಲ್ಲಿ,
ಸೆತೂಬಲ್ಲಿನ ಆ ನುಣುಪು ಬಿಳಿಗಲ್ಲಿನ ಮೇಲೆ,
ಕೈಯಲ್ಲಿ ಅರ್ಧ ಕಿಲೋ ಚೆರ್ರಿ.
ಹಣ್ಣು ಉರುಳಿದವು ನದಿಯ ಕಡೆಗೆ,
ನಾನು ಉರುಳಲಿಲ್ಲ. ತಲೆ ಮಾತ್ರ ಠಕ್ಕೆಂದಿತು.

ಆಸ್ಪತ್ರೆಯಲ್ಲಿ ದೊಡ್ಡ ಬಳೆಯೊಂದರೊಳಗೆ ತೂರಿಸಿದರು.
ರಕ್ತ ಸೋರಿದೆಯೇ ಎಂದು ಹುಡುಕಹೋದವರು
ಬೇರೇನನ್ನೋ ಹಿಡಿದು ತಂದರು,
ಸಾರ್ಡೀನಿನ ಬಲೆಗೆ ಸಿಕ್ಕ ಹೆಸರಿಲ್ಲದ ಮೀನಿನ ಹಾಗೆ.

ಹೆಸರಿತ್ತು. ಮೆನಿಂಜಿಯೋಮಾ.
ಯಾವುದೋ ದ್ವೀಪದ ಹುಡುಗಿಯ ಹೆಸರಿನಂತಿದೆ ಎಂದೆ.
ಡಾಕ್ಟರ್ ಮಫಾಲ್ದಾ ನಗಲಿಲ್ಲ, ಎಳೇ ವಯಸ್ಸು.
"ಕಡಲೆಕಾಳಿಗಿಂತ ತುಸು ದೊಡ್ಡದು, ದಿಯೋಲಿಂದಾ ಅವರೇ,
ಮಿದುಳಿನೊಳಗಲ್ಲ, ಅದರ ಹೊದಿಕೆಗೆ ಅಂಟಿಕೊಂಡಿದೆ.
ಸಾಧು ಗಡ್ಡೆ."
ಸಾಧು!
ನಮ್ಮ ಮೇಸ್ತ್ರಿ ಗೌದೆನ್ಸಿಯೊನನ್ನೂ ಸಾಧು ಅನ್ನುತ್ತಿದ್ದರು,
ಅವನ ಕೈಕೆಳಗೆ ದುಡಿಯದವರು.

ಯಾವಾಗಿನಿಂದ ಇದೆ?
ಹೇಳಲಾಗದಂತೆ. ಹತ್ತು ವರ್ಷ, ಇಪ್ಪತ್ತು.
ಬಸ್ಸಿನಲ್ಲಿ ಕೂತು ಹಿಂದಕ್ಕೆ ಎಣಿಸಿದೆ:
ಹಾಗಾದರೆ ಬೆಲಾರ್ಮೀನೊ ಸತ್ತ ರಾತ್ರಿ ಅದೂ ಇತ್ತು,
ನನಗೆ ಅಳು ಬಾರದ್ದನ್ನು ಕಂಡಿತ್ತು.
ಇಸ್ಪೀಟಿನಲ್ಲಿ ಎರ್ಮೀನಿಯಾಳಿಗೆ ಮಾಡಿದ ಮೋಸವೆಲ್ಲ ಅದಕ್ಕೆ ಗೊತ್ತು.
ಎಪ್ಪತ್ತರಲ್ಲಿ ಈಜು ಕಲಿತಾಗ
ನನ್ನ ಜೊತೆ ಮುಳುಗಿ, ನನ್ನ ಜೊತೆ ಎದ್ದಿತ್ತು.
ಒಂದು ದಿನವೂ ಕೆಮ್ಮಿದ್ದಿಲ್ಲ.

ತೆಗೆಸಿಬಿಡಿ, ಅಲ್ಲಿಗೆ ಮುಗಿಯಿತು, ಎಂದಳು ಸೊಸೆ.
ಎರ್ಮೀನಿಯಾ ಚರ್ಚಿಗೆ ಮೇಣದ ತಲೆ ಹರಕೆ ಹೊತ್ತು
ನನ್ನ ಟೋಪಿಯ ಅಳತೆ ಕೇಳಿದಳು.

ನಾನು ಮೂವತ್ತೊಂದು ವರ್ಷ ಡಬ್ಬಿ ತಟ್ಟಿದವಳು.
ಎಣ್ಣೆಯಲ್ಲಿ ಒತ್ತೊತ್ತಾಗಿ ಮಲಗಿದ ಮೀನು,
ಬೆರಳ ಗೆಣ್ಣಿನಿಂದ ಒಂದೇ ಪೆಟ್ಟು, ಕಿವಿ ಹತ್ತಿರ:
ಟಣ್ ಅಂದರೆ ಪೆಟ್ಟಿಗೆಗೆ,
ಬೊದ್ ಅಂದರೆ ಆಚೆಗೆ.
ಉಬ್ಬಿದ್ದನ್ನು ಇಟ್ಟುಕೊಳ್ಳಬಾರದು.
ಉಬ್ಬದ್ದನ್ನು ಬರೀ ಅನುಮಾನಕ್ಕೆ ಒಡೆಯಬಾರದು,
ಒಡೆದದ್ದು ಎಷ್ಟೇ ಚೆನ್ನಾಗಿದ್ದರೂ ನಾಳೆಗೆ ಕೆಡುತ್ತದೆ.

ಇಷ್ಟು ಹೇಳಿದಾಗ ಮಫಾಲ್ದಾ ಪೆನ್ನು ಕೆಳಗಿಟ್ಟಳು.
ಮುಂದಿನ ಮೇ ತಿಂಗಳಲ್ಲಿ ಮತ್ತೆ ನೋಡೋಣ, ಅಂದಳು.
ಆಮೇಲೆ ಮೆಲ್ಲಗೆ, ಡಬ್ಬಿ ತಟ್ಟುವುದು ಹೇಗೆ ಎಂದು ಕೇಳಿದಳು.
ಮೇಜಿನ ಮೇಲೆ ತೋರಿಸಿದೆ.

ಸುಳ್ಳೇಕೆ, ಕೆಲವು ರಾತ್ರಿ ಹೆದರಿಕೆಯಾಗುತ್ತದೆ.
ಬೀಗದಕೈ ಎಲ್ಲಿಟ್ಟೆನೆಂದು ಮರೆತರೆ ಅದರ ಮೇಲೇ ಗುಮಾನಿ.
ಮೊದಲೂ ಮರೆಯುತ್ತಿದ್ದೆ, ಬಿಡಿ.
ಎದ್ದು ಕೂತು, ಎಡಗಿವಿಯ ಮೇಲೆ,
ಗೆಣ್ಣಿನಿಂದ ಒಮ್ಮೆ ತಟ್ಟುತ್ತೇನೆ.
ಕೇಳಿಸಿಕೊಳ್ಳುತ್ತೇನೆ.

ಕೆಳಗೆ ಬೀದಿಯಲ್ಲಿ ಕಸದ ಲಾರಿ.
ಚೆರ್ರಿ ಕಾಲ ಮುಗಿಯಲು ಇನ್ನೂ ಹತ್ತು ದಿನವಿದೆ.