ಬೆಣೆ

ಗಿರಾಕಿ ಬಂದವರು ಮೊದಲು ಕೇಳುವುದು
ಮರ ತೇಗವೋ ಹೊನ್ನೆಯೋ ಅಂತಲ್ಲ:
‘ಏನ್ರೀ, ಈ ಮಂಚಕ್ಕೆ ಒಂದು ಕಡೆ ಕಾಲು ಗಿಡ್ಡ?’
ಕಾಲು ಸರಿಯಾಗಿದೆಯಮ್ಮ, ನೆಲವೇ ಹಾಗೆ.
ಬಗ್ಗಿ ಬೆಣೆ ತಳ್ಳುತ್ತೇನೆ.
ಬಾಗಿಲ ಬಳಿ ಮೂರು ಬೆರಳು ದಪ್ಪ,
ನಡುವೆ ಎರಡು,
ಆ ಬಿಳಿ ಗೋಡೆಯ ಹತ್ತಿರ ಒಂದು ಸಾಕು.
ಹನ್ನೊಂದು ವರ್ಷದಲ್ಲಿ ಈ ಲೆಕ್ಕ
ನನ್ನ ಮೊಣಕಾಲಿಗೇ ಬಂದುಬಿಟ್ಟಿದೆ.

ಅಕ್ಕಿಪೇಟೆಯ ಒಳದಾರಿ. ಕಿಟಕಿಯಿಲ್ಲದ ಅಂಗಡಿ.
ಗೋಡೆಗೂ ಕಿವಿಯುಂಟು ಅನ್ನುತ್ತಾರಲ್ಲ,
ಇಲ್ಲಿ ಬೇಕಾದರೆ ಎಣಿಸಬಹುದು:
ಹಲಗೆಯ ತುಂಬ ಸಾಲುಸಾಲು ತೂತು,
ಅರ್ಧಕ್ಕೆ ಜೇಡ, ಅರ್ಧಕ್ಕೆ ಸುಣ್ಣ.

ನಮ್ಮಕ್ಕ ಪುಟ್ಟಲಕ್ಷ್ಮಿಯ ಮದುವೆ ಇಲ್ಲೇ ಆಗಿದ್ದು,
ಇದು ಛತ್ರವಾಗಿದ್ದ ಆರು ವರ್ಷಗಳಲ್ಲಿ.
ಮೇಲಿನ ಪಂಕ್ತಿಗೆ ಬಡಿಸಿದ ಸಾರು
ಎಲೆ ದಾಟಿ, ಜಮಖಾನ ದಾಟಿ
ಬೀಗರ ದೊಡ್ಡಪ್ಪನ ಪಂಚೆ ಹುಡುಕಿಕೊಂಡು ಹೋಯಿತು.
ಲಾಡು ಉರುಳಿತು. ಮಕ್ಕಳು ಹಿಂದೆ ಓಡಿದರು.
ಮುನಿಸು ಇಳಿಯಲು ಮೂರು ದೀಪಾವಳಿ ಬೇಕಾಯಿತು.

ಅದಕ್ಕೂ ಹಿಂದೆ ಸಕ್ಕರೆ ಮೂಟೆಯ ಗೋದಾಮು.
ಆಗ ಇರುವೆಗಳದ್ದೇ ಹೌಸ್‌ಫುಲ್.

ಅದಕ್ಕೂ ಹಿಂದೆ ನಮ್ಮಮ್ಮ ಪಿಳ್ಳಮ್ಮ
ಗೇಟಿನ ಹೊರಗೆ ಕಡಲೆಕಾಯಿ ಹುರಿಯುತ್ತಿದ್ದಳು.
ಒಂದು ಚಿತ್ರವನ್ನೂ ಕಂಡವಳಲ್ಲ.
ಒಳಗಿನ ಸದ್ದು ಕೇಳಿ ಪೊಟ್ಟಣ ಕಟ್ಟುವಳು;
ಅಳಿಸಿದರೆ ವ್ಯಾಪಾರ ಜಾಸ್ತಿ, ಅನ್ನುವಳು,
ಅತ್ತವರಿಗೆ ಹಸಿವು.

ನೆಲ ಸಮ ಮಾಡಿಸೋಣ ಅಂದರು ಸಾಹುಕಾರರು, ಹೋದ ವರ್ಷ.
ಮೇಸ್ತ್ರಿ ಗಡಾರಿ ಹಾಕಿ ನೋಡಿ ಕೈ ತೊಳೆದುಕೊಂಡ:
ಕೆಳಗೆ ಇನ್ನೊಂದು ನೆಲ ಇದೆಯಂತೆ,
ಮಟ್ಟಸ, ಕೆಂಪು ಗಾರೆ,
ನಾಟಕದವರು ಚಾಪೆ ಹಾಸುತ್ತಿದ್ದ ಕಾಲದ್ದು.
ಅದರ ಮೇಲೆ ಮಣ್ಣು ಸುರಿದೇ ಟಾಕಿ ಬಂದದ್ದು.
ಅಂದಾಜು ಪಟ್ಟಿ ನೋಡಿದ ಸಾಹುಕಾರರು
ಬೆಣೆಗೆಂದು ಇನ್ನೊಂದು ಮೂಟೆ ತುಂಡುಮರ ತರಿಸಿದರು.

ದಿನಾ ಮೂರಕ್ಕೆ ಆರೋಗ್ಯಸ್ವಾಮಿ ಬರುತ್ತಾರೆ,
ಮಷೀನ್ ರೂಮಿನಲ್ಲಿ ಇಪ್ಪತ್ತಾರು ವರ್ಷ ಬೆಂದವರು.
ಸೋಫಾದ ಬೆಲೆ ಕೇಳುತ್ತಾರೆ, ಕೂರುತ್ತಾರೆ, ಕೊಳ್ಳುವುದಿಲ್ಲ.
ಪ್ಲಾಸ್ಟಿಕ್ ಹೊದಿಕೆ ಅವರ ಕೆಳಗೆ ಕಿರುಗುಡುತ್ತದೆ.
ಸೋಫಾಗಳೆಲ್ಲ ಬಿಳಿ ಗೋಡೆಗೇ ಮುಖ ಮಾಡಿವೆ;
ಅಡ್ಡ ತಿರುಗಿಸಿದರೆ ಕೂತವರು
ಒಬ್ಬರ ಮೇಲೊಬ್ಬರು ವಾಲುತ್ತಾರೆ.

ಮೊನ್ನೆ ಕರೆಂಟು ಹೋಯಿತು.
ಕಗ್ಗತ್ತಲು. ಏಳೆಂಟು ಗಿರಾಕಿಗಳು
ಕೂತಲ್ಲೇ ಕೂತರು, ಮಾತು ನಿಂತಿತು.
ಎಲ್ಲರೂ ಮುಂದೆ ನೋಡುತ್ತಿದ್ದಾರೆ ಅನ್ನಿಸಿತು, ಯಾಕೋ.
ಆಗ ಹಿಂದಿನ ಸಾಲಿನಿಂದ
ಎರಡು ಬೆರಳಿನ ಸಿಳ್ಳೆ,
ರೀಲು ಕಡಿದಾಗ ಆಪರೇಟರನ
ಅಮ್ಮ, ಅಕ್ಕ, ಅಜ್ಜಿಯನ್ನೆಲ್ಲ ನೆನೆಯುತ್ತಿದ್ದ ಸಿಳ್ಳೆ.

ಹೊಡೆದವರು ಆರೋಗ್ಯಸ್ವಾಮಿ.
ಬಾಯಲ್ಲಿ ನಾಲ್ಕೇ ಹಲ್ಲು. ಅಷ್ಟು ವರ್ಷ
ಒಳಗಿದ್ದು ಕೇಳಿಸಿಕೊಂಡದ್ದನ್ನು
ಮೊದಲ ಸಲ ಈ ಕಡೆ ಕೂತು.

ಹಿಂಗೋಡೆಯ ಚೌಕ ಕಿಂಡಿಯ ಕಡೆ ತಲೆಯೆತ್ತಿದೆ.
ಅಲ್ಲೀಗ ರಸೀತಿ ಪುಸ್ತಕ ಇಡುತ್ತೇವೆ.
‘ತಡೀರಿ ಸಾರ್,’ ಅಂದೆ, ‘ಅಂಟಿಸ್ತಾ ಇದೀನಿ.’